ಮೇಜಿನ ಮೇಲಿಟ್ಟ ಶರ್ಟು

ಅಪ್ಪನಿಗೆ ತಾಳ್ಮೆ ಇರಲಿಲ್ಲ. ಇಸ್ತ್ರಿ ಮಾಡುವವನಿಗೆ ಕೈ ಓಡಿದರೆ ಸಾಕು, ತಾಳ್ಮೆ ಕಟ್ಟಿಕೊಂಡು ಏನು ಮಾಡಲಿ ಎಂದು ಅವನೇ ಹೇಳುತ್ತಿದ್ದ. ಮುಂದೆ ಲಾಂಡ್ರಿ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ, ಮನೆಯ ಹಿಂದೆ ಒಗೆಯುವ ತೊಟ್ಟಿ ಮತ್ತು ಹಗ್ಗ ಕಟ್ಟಿದ ಹಿತ್ತಲು. ಅಮ್ಮ ತೊಟ್ಟಿಯ ಹತ್ತಿರ, ಅಪ್ಪ ಇಸ್ತ್ರಿ ಮೇಜಿನ ಹತ್ತಿರ, ಮಗಳು ಗಿರಾಕಿಗಳ ಹತ್ತಿರ. ಅಪ್ಪನ ತಾಯಿ, ಅಂದರೆ ಅಜ್ಜಿ, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಕಿತ್ತುಹೋದ ಗುಂಡಿ ಹೊಲಿಯುತ್ತ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಮಗ ಹೋಟೆಲುಗಳಿಂದ ಚಾದರ ತಂದು, ಒಗೆದದ್ದನ್ನು ವಾಪಸ್ ಕೊಟ್ಟು ಬರಬೇಕಿತ್ತು. ಅವನು ಕುಡಿಯುತ್ತಿದ್ದ.

ಅವನನ್ನು ಎಲ್ಲರೂ ಬಟನ್ ಎನ್ನುತ್ತಿದ್ದರು. ಎರಡು ವರ್ಷದವನಿದ್ದಾಗ ಯಾರೋ ದೊಡ್ಡ ಮನುಷ್ಯರ ಕೋಟಿನ ಗುಂಡಿಯನ್ನು ನುಂಗಿದ್ದ. ಅದು ಹೊರಗೆ ಬರುವವರೆಗೆ ಮನೆಯವರೆಲ್ಲ ಅವನ ಹಿಂದೆಯೇ ಓಡಾಡಿದ್ದರು. ಬಂದದ್ದನ್ನು ಅಜ್ಜಿ ಸೋಪು ಹಾಕಿ ತೊಳೆದು ಅದೇ ಕೋಟಿಗೆ ಹೊಲಿದಳು. "ಆ ಸಾಹೇಬರು ಅದನ್ನೇ ಹಾಕ್ಕೊಂಡು ಊರೆಲ್ಲ ಮೆರೆದರು," ಎಂದು ಈಗಲೂ ನಗುತ್ತಿದ್ದಳು.

ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತು ಅಪ್ಪ ಬಟನ್‌ನನ್ನು ಬೈಯುತ್ತಿದ್ದ. ಅದು ದಿನದ ಮೊದಲ ಕೆಲಸ.

"ಏಳೋ. ಹೊತ್ತು ನೆತ್ತಿ ಮೇಲೆ ಬಂತು. ಹೋಟೆಲಿನ ಚಾದರ ಯಾರು ತರ್ತಾರೆ, ನಿನ್ನ ಮಾವನಾ?"

"ಮಾವ ಎಲ್ಲಿದ್ದಾನೆ? ಮದುವೆ ಮಾಡ್ಸು, ಸಿಕ್ತಾನೆ," ಎಂದು ಕಂಬಳಿಯ ಒಳಗಿಂದ ಉತ್ತರ ಬರುತ್ತಿತ್ತು.

"ನಿನಗೆ ಹೆಣ್ಣು ಕೊಡೋನು ಕುರುಡನೇ ಆಗಿರಬೇಕು."

"ಕುರುಡ ಆದ್ರೇನು, ಮಾವ ಮಾವಾನೇ."

ಬೈಗುಳ ಮುಗಿಯುವ ಹೊತ್ತಿಗೆ ಅಮ್ಮ ಮೊಟ್ಟೆ ಬೇಯಿಸಿರುತ್ತಿದ್ದಳು. ಮನೆಯಲ್ಲಿ ಐದು ಜನ, ಮೊಟ್ಟೆ ಆರು. ಆರನೆಯದು ಯಾರಿಗೆ ಎಂದು ಯಾರೂ ಹೇಳುತ್ತಿರಲಿಲ್ಲ. ಅಪ್ಪ ಅದನ್ನು ಬಟನ್‌ನ ತಟ್ಟೆಗೆ ಉರುಳಿಸಿ, "ತಿನ್ನು, ತಿಂದು ಸಾಯಿ," ಎನ್ನುತ್ತಿದ್ದ. ಬಟನ್ ಎರಡೂ ತಿಂದು ಚಾದರ ತರಲು ಹೋಗುತ್ತಿದ್ದ, ಅಥವಾ ಹೋದಂತೆ ಮಾಡುತ್ತಿದ್ದ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಒಂದು ದಿನ ಒಬ್ಬ ಗಿರಾಕಿಯ ಮದುವೆಯ ಕೋಟು ಕಾಣೆಯಾಯಿತು. ಮದುವೆ ಮರುದಿನ ಇತ್ತು. ಮದುಮಗನ ಅಕ್ಕ ಬಂದು, ಬೀದಿಯ ಜನರೆಲ್ಲ ನೋಡುತ್ತಿರುವಾಗ, ಮಗಳನ್ನು ಕಳ್ಳರ ಮನೆಯವಳೇ ಎಂದಳು. ಮಗಳು ರಶೀದಿ ಚೀಟಿಗಳ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೋಟನ್ನು ಬಟನ್ ಮಾರಿದ್ದ. ಎಲ್ಲಿ ಎಂದು ಅವನಿಗೇ ನೆನಪಿರಲಿಲ್ಲ.

ಆ ವಾರ ಅಪ್ಪ ಪ್ರಾರ್ಥನಾ ಸಭೆಯಲ್ಲಿ ಮುಂದಿನ ಸಾಲಿಗೆ ಹೋದ. ವರ್ಷಗಳಿಂದ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದವನು ಅವನು. ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ತಾವು ಬಿಗಿಯಾಗಿ ಹಿಡಿದುಕೊಂಡಿರುವುದನ್ನು ದೇವರಿಗೆ ಒಪ್ಪಿಸಬೇಕು ಎನ್ನುವವರು ಅದರ ಗುರುತಾಗಿ ಒಂದು ವಸ್ತು ತಂದು ಶಿಲುಬೆಯ ಕೆಳಗಿನ ಮೇಜಿನ ಮೇಲೆ ಇಡುತ್ತಿದ್ದರು. ಇಟ್ಟು, ತಿರುಗಿ ನೋಡದೆ ತಮ್ಮ ಜಾಗಕ್ಕೆ ಹೋಗಬೇಕು. ಬಸ್ಸಿನ ಡ್ರೈವರೊಬ್ಬ ಸಿಗರೇಟಿನ ಲೈಟರ್ ಇಟ್ಟಿದ್ದ. ಒಬ್ಬ ವಿಧವೆ ಗಂಡನ ಕನ್ನಡಕ ಇಟ್ಟಿದ್ದಳು. ವಸ್ತುಗಳೆಲ್ಲ ಆಮೇಲೆ ಹಿಂದಿನ ಬೀರುವಿಗೆ ಹೋಗುತ್ತಿದ್ದವು.

ಅಪ್ಪ ಒಂದು ಬಿಳಿ ಶರ್ಟು ಇಟ್ಟ. ಬಟನ್ ದೀಕ್ಷಾಸ್ನಾನ ತೆಗೆದುಕೊಂಡ ದಿನ ತೊಟ್ಟಿದ್ದ ಶರ್ಟು. ಆಗ ಅವನಿಗೆ ಹತ್ತೊಂಬತ್ತು ವರ್ಷ, ಭುಜ ಅಗಲವಾಗಿತ್ತು, ಕುಡಿತ ಶುರುವಾಗಿರಲಿಲ್ಲ. ಅಪ್ಪ ಅದನ್ನು ಹೊಸದಾಗಿ ಇಸ್ತ್ರಿ ಮಾಡಿ, ಕಾಲರಿಗೆ ರಟ್ಟು ಕೊಟ್ಟು, ಗಿರಾಕಿಗೆ ಕೊಡುವಂತೆ ಮಡಿಸಿ ತಂದಿದ್ದ.

"ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಬೇಡಿ, ಬ್ರದರ್," ಎಂದರು ಪಾಸ್ಟರ್, ಅವನ ತಲೆಯ ಮೇಲೆ ಕೈಯಿಟ್ಟು. "ಅರ್ಧ ಕೊಟ್ಟು ಅರ್ಧ ಇಟ್ಟುಕೊಂಡರೆ ಅದು ಸಮರ್ಪಣೆ ಅಲ್ಲ."

ಅಪ್ಪ ಅತ್ತ. ಅಮ್ಮ ಹೆಂಗಸರ ಸಾಲಿನಿಂದ ಆಮೆನ್ ಎಂದಳು. ಏನಕ್ಕೆ ಆಮೆನ್ ಎಂದೆ ಎಂದು ಅವಳಿಗೆ ಮನೆಗೆ ಬಂದು ಊಟಕ್ಕೆ ಕೂತಾಗಲೇ ತಿಳಿದದ್ದು.

"ಇವತ್ತಿಂದ ಅವನು ನನ್ನ ಕೈಲಿಲ್ಲ," ಎಂದ ಅಪ್ಪ, ಬ್ರೆಡ್ಡು ಮುರಿಯುತ್ತ. "ದೇವರಿಗೆ ಕೊಟ್ಟಿದ್ದೀನಿ. ಇನ್ನು ಬೈಯಲ್ಲ, ಕಾಯಲ್ಲ, ಹುಡುಕಲ್ಲ. ನೀವೂ ಅಷ್ಟೆ."

"ಕೊಟ್ಟೆ ಅಂದ್ರೆ?" ಎಂದಳು ಅಜ್ಜಿ.

"ಕೊಟ್ಟೆ ಅಂದ್ರೆ ಕೊಟ್ಟೆ, ಅಮ್ಮ. ಒಪ್ಪಿಸಿದೆ."

"ಸರಿ. ಹೊಟ್ಟೆ ಹಸಿದ್ರೆ ಎಲ್ಲಿಗೆ ಬರ್ತಾನೆ? ಅಲ್ಲಿಗೋ, ಇಲ್ಲಿಗೋ?"

"ಹಸಿದು ಬಂದು ಕೇಳಿದ್ರೆ ಬಡಿಸಿ. ನಾವಾಗಿ ಕರೀಬಾರದು."

"ದೇವರೇನು ಕಸದ ಗಾಡೀನಾ, ಮನೇಲಿ ಬೇಡವಾದ್ದನ್ನ ಎತ್ತಿ ಹಾಕೋಕೆ?"

"ಅತ್ತೆ, ಸುಮ್ನಿರಿ," ಎಂದಳು ಅಮ್ಮ. "ಅವರು ಅತ್ತಿದ್ದಾರೆ ಇವತ್ತು. ಎಷ್ಟು ವರ್ಷ ಆಗಿತ್ತು ಅವರು ಅತ್ತು."

ಮಗಳು ಬ್ರೆಡ್ಡಿನ ತಟ್ಟೆಯನ್ನು ಅಜ್ಜಿಯ ಕಡೆ ಸರಿಸಿದಳು. ಅವಳಿಗೆ ಒಳಗೊಳಗೆ ಸಂತೋಷವೇ ಆಗಿತ್ತು.

ಮರುದಿನ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಅಪ್ಪ ಅದರ ಪಕ್ಕದಲ್ಲಿ ನಿಂತು ಮೆಲ್ಲಗೆ ಒಂದು ಕೀರ್ತನೆ ಹಾಡುತ್ತಿದ್ದ. ಬಟನ್ ಕಂಬಳಿಯೊಳಗೆ ಕಾದ. ಆಮೇಲೆ ತಾನಾಗಿಯೇ ಎದ್ದು ಬಂದ.

"ಏನಪ್ಪಾ, ಗಂಟಲು ಕಟ್ಟಿದ್ಯಾ?"

"ದೇವರು ನಿನ್ನ ಆಶೀರ್ವದಿಸಲಿ," ಎಂದ ಅಪ್ಪ. ಅದನ್ನು ಗಿರಾಕಿಗಳಿಗೆ ಥ್ಯಾಂಕ್ಸ್ ಹೇಳುವ ದನಿಯಲ್ಲಿ ಹೇಳಿದ.

ಬಟನ್ ತಂಗಿಯ ಮುಖ ನೋಡಿದ. "ಇವನಿಗೇನಾಯ್ತೇ?"

"ನಿನ್ನ ಉಸಾಬರಿ ಬಿಟ್ಟಿದ್ದಾನೆ. ಆರಾಮಾಗಿದ್ದಾನೆ."

ತಟ್ಟೆಯ ಮುಂದೆ ಕೂತು ಬಟನ್ ಒಂದು ಮೊಟ್ಟೆ ತಿಂದ. ಆರನೆಯದು ಬಟ್ಟಲಿನಲ್ಲೇ ಇತ್ತು. ಅವನು ಅದನ್ನು ನೋಡಿದ, ಅಪ್ಪನನ್ನು ನೋಡಿದ. ಅಪ್ಪ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಮುಗಿಸುತ್ತಿದ್ದ. ಕೊನೆಗೆ ಅಜ್ಜಿ ಅದನ್ನು ಎತ್ತಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ಬಟನ್ ಪರೀಕ್ಷೆ ಮಾಡಿ ನೋಡಿದ. ಚಾದರಗಳನ್ನು ತರಲಿಲ್ಲ, ಅಪ್ಪ ತಾನೇ ಹೋಗಿ ಹೊತ್ತು ತಂದ. ಕುಡಿದು ಬಂದು ತೊಟ್ಟಿಯ ಪಕ್ಕ ಬಿದ್ದ. ಅಪ್ಪ ಅವನನ್ನು ದಾಟಿಕೊಂಡು ಹೋಗಿ ಹಗ್ಗದ ಮೇಲಿನ ಟವೆಲು ತೆಗೆದ. ಒಂದು ಮಧ್ಯಾಹ್ನ ಅವನು ಅಂಗಡಿಯ ಬಾಗಿಲಲ್ಲಿ ನಿಂತು, ಗಿರಾಕಿಗಳ ಎದುರಿಗೇ, "ಕೋಟು ಮಾರಿದ್ದು ನಾನೇ, ಇನ್ನೊಂದು ಮಾರ್ತೀನಿ ನೋಡು," ಎಂದ. ಅಪ್ಪ ಪ್ಯಾಂಟಿನ ಗೆರೆ ಕೂರಿಸುತ್ತಿದ್ದ. ಗೆರೆ ಕೂರಿಸಿದ.

ಅಪ್ಪ ಚೆನ್ನಾಗಿ ಊಟ ಮಾಡುತ್ತಿದ್ದ, ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ರಕ್ತದೊತ್ತಡ ಇಳಿದಿದೆ ಎಂದು ಡಾಕ್ಟರು ಹೇಳಿದರು. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ: ಹತ್ತು ವರ್ಷ ಹೊತ್ತ ಮೂಟೆ ಇಳಿಸಿದೆ, ನನ್ನಲ್ಲಿ ಇಲ್ಲದ ತಾಳ್ಮೆಯನ್ನು ಕರ್ತನು ಕೊಟ್ಟಿದ್ದಾನೆ. ಜನ ಚಪ್ಪಾಳೆ ತಟ್ಟಿದರು. ಪಾಸ್ಟರ್ ಅವನನ್ನು ತಬ್ಬಿಕೊಂಡರು. ಬೇರೆ ಅಪ್ಪಂದಿರು ಬಂದು ಹೇಗೆ ಮಾಡಿದಿರಿ ಎಂದು ಕೇಳಿದರು.

ಬಟನ್ ಹೊರಟದ್ದು ಸ್ವಲ್ಪ ದಿನ ಕಳೆದ ಮೇಲೆ, ಹಾಡುಹಗಲಲ್ಲಿ, ಕುಡಿಯದೆ. ಒಂದು ಚೀಲ ಹೆಗಲಿಗೆ ಹಾಕಿಕೊಂಡು ಇಸ್ತ್ರಿ ಮೇಜಿನ ಮುಂದೆ ನಿಂತ.

"ಹೋಗ್ತಿದ್ದೀನಿ."

"ಒಳ್ಳೇದಾಗಲಿ."

"ಎಲ್ಲಿಗೆ ಅಂತ ಕೇಳಲ್ವಾ?"

ಅಪ್ಪ ಕಾಲರಿನ ಮೇಲೆ ನೀರು ಚಿಮುಕಿಸಿದ. "ದೇವರಿಗೆ ಗೊತ್ತಿರುತ್ತೆ."

"ನಿನಗೆ ನನ್ನ ಬೈಯೋಕೂ ಬೇಜಾರಾಯ್ತಾ?" ಎಂದ ಬಟನ್. ಅಪ್ಪ ಕಾಲರನ್ನು ಮಗುಚಿ ಇನ್ನೊಂದು ಬದಿ ತೀಡಿದ.

ಅವನು ಬೀದಿಗೆ ಇಳಿದದ್ದನ್ನು ಅಮ್ಮ ಹಿತ್ತಲಿನ ಗೇಟಿನಿಂದ ಕಂಡಳು. ಒದ್ದೆ ಚಾದರ ಕೈಯಲ್ಲಿ ಹಿಡಿದೇ ಓಡಿ ಬಂದಳು. ಅಪ್ಪ ಅಡ್ಡ ನಿಲ್ಲಲಿಲ್ಲ, ಕೈ ಹಿಡಿಯಲಿಲ್ಲ. ಬರೀ ಕೇಳಿದ: "ಕೊಟ್ಟಿದ್ದನ್ನ ವಾಪಸ್ ತಗೋತೀಯಾ? ಆಮೆನ್ ಅಂದೋಳು ನೀನೇ ಅಲ್ವಾ?"

ಅಮ್ಮ ಅಲ್ಲೇ ನಿಂತಳು. ಚಾದರದ ನೀರು ಅಂಗಡಿಯ ನೆಲದ ಮೇಲೆ ಸೋರಿತು. ಸ್ವಲ್ಪ ಹೊತ್ತಾದ ಮೇಲೆ ಮಗಳು ಒರೆಸಿದಳು.

ಅಜ್ಜಿ ಮಾತ್ರ ದಿನಾ ಒಂದು ಸಲ ತಗಾದೆ ತೆಗೆಯುತ್ತಿದ್ದಳು.

"ನಿನ್ನ ಅಪ್ಪ, ಅಂದ್ರೆ ನನ್ನ ಗಂಡ, ಎಷ್ಟು ಸಲ ಮನೆ ಬಿಟ್ಟು ಹೋಗಿಲ್ಲ? ನಾನೂ ಮಂಡಿಯೂರಿ ನಿನ್ನ ಚಿತ್ತ ಕರ್ತನೇ ಅಂತಿದ್ದೆ. ಅಂದು, ಎದ್ದು ಹೋಗಿ ಬಾಗಿಲ ಚಿಲಕ ತೆಗೆದಿಡ್ತಿದ್ದೆ."

"ಅದು ಪೂರ್ತಿ ನಂಬಿಕೆ ಅಲ್ಲ, ಅಮ್ಮ."

"ಅಲ್ಲ ಕಣೋ. ಆದ್ರೆ ಅವರು ಬರ್ತಿದ್ರು."

ಅಮ್ಮ ಮೊಟ್ಟೆ ಬೇಯಿಸುವಾಗ ಕೈ ತಾನಾಗಿ ಆರನ್ನೇ ಹಾಕುತ್ತಿತ್ತು. ಉಳಿದವನ್ನು ಅಜ್ಜಿ ಕಟ್ಟಿಟ್ಟು, ಸಂಜೆ ಬೆಕ್ಕಿಗೆ ಹಾಕುತ್ತಿದ್ದಳು.

ಮಗಳು ಒಂದು ದಿನ ಹೋಟೆಲಿಗೆ ಟವೆಲು ಕೊಡಲು ಹೋದಾಗ ಬಸ್ ನಿಲ್ದಾಣದ ಹಿಂದೆ ಅಣ್ಣನನ್ನು ಕಂಡಳು. ಲಾರಿಯಿಂದ ಮೂಟೆ ಇಳಿಸುತ್ತಿದ್ದ. ತುಂಬಾ ಸಣ್ಣಗಾಗಿದ್ದ, ಆದರೆ ಕಣ್ಣು ತಿಳಿಯಾಗಿತ್ತು. ಕುಡಿತ ಬಿಟ್ಟಿದ್ದೀನಿ, ಗೋದಾಮಿನಲ್ಲೇ ಮಲಗ್ತೀನಿ ಎಂದ. ಮಾತಿನ ನಡುವೆ ಕೆಮ್ಮಿದ.

"ಮೆಣಸಿನಕಾಯಿ ಮೂಟೆ, ಮಾರಾಯ್ತಿ. ಘಾಟು." ಆಮೇಲೆ, "ಅಪ್ಪ ಕೇಳಿದ್ನಾ?"

ಮಗಳು ಸುಳ್ಳು ಹೇಳಬಹುದಿತ್ತು. ಮದುಮಗನ ಅಕ್ಕ ಕಳ್ಳರ ಮನೆಯವಳೇ ಎಂದದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಇಲ್ಲ. ಒಂದು ಸಲಾನೂ ಕೇಳಿಲ್ಲ."

ಬಟನ್ ತಲೆಯಾಡಿಸಿದ. ಟವೆಲಿನ ಗಂಟನ್ನು ಎತ್ತಿ ಅವಳ ತಲೆಯ ಮೇಲಿಟ್ಟ. "ಬಿಗಿಯಾಗಿ ಹಿಡ್ಕೋ. ಬೀಳಿಸಿದ್ರೆ ನಿನ್ನನ್ನೂ ದೇವರಿಗೆ ಕೊಟ್ಟುಬಿಡ್ತಾನೆ," ಎಂದ.

ಅವಳು ಮನೆಗೆ ಬಂದು ಹೇಳಿದಾಗ ಅಮ್ಮ ಎರಡು ಸಲ ಕೇಳಿಸಿಕೊಂಡಳು. ಕುಡಿತ ಬಿಟ್ಟ ಭಾಗವನ್ನು ಮೂರನೆಯ ಸಲವೂ ಹೇಳಿಸಿದಳು. ಅಪ್ಪ ಕೈ ಮೇಲೆತ್ತಿ, "ನೋಡಿದ್ರಾ? ನಾನು ಕೈ ಬಿಟ್ಟೆ, ದೇವರು ಕೈ ಹಿಡಿದ್ರು," ಎಂದ. ಮುಂದಿನ ಸಭೆಯಲ್ಲಿ, ಮಗ ಮನೆ ಬಿಟ್ಟದ್ದನ್ನೂ ಸೇರಿಸಿ, ಅದಕ್ಕೂ ಸಾಕ್ಷಿ ಹೇಳಿದ. ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು. ಅಜ್ಜಿ ತಟ್ಟಲಿಲ್ಲ. ಮುಂದೆ ಕೂತವರ ಬೆನ್ನು ನೋಡುತ್ತಿದ್ದಳು.

ಬಟನ್ ಒಂದು ಶನಿವಾರ ಮಧ್ಯಾಹ್ನ ಬಂದ. ಕೂದಲು ಕತ್ತರಿಸಿಕೊಂಡಿದ್ದ, ಮುಖ ಕ್ಷೌರ ಮಾಡಿಕೊಂಡಿದ್ದ. ಗಿರಾಕಿಯ ಹಾಗೆ ಅಂಗಡಿಯ ಮುಂಬಾಗಿಲಿನಿಂದ ಬಂದು, ಗಿರಾಕಿಯ ಹಾಗೆಯೇ ಮರದ ಕಟ್ಟೆಯ ಈಚೆ ನಿಂತ. ಕೆನ್ನೆಯ ಮೇಲೆ ಜ್ವರದ ಕೆಂಪಿತ್ತು.

"ಅಪ್ಪಾ, ಕೆಲಸ ಕೊಡು. ಚಾದರ ತರ್ತೀನಿ. ಹಿತ್ತಲಲ್ಲೇ ಮಲಗ್ತೀನಿ, ಒಳಗೆ ಬರಲ್ಲ. ಒಂದು ತೊಟ್ಟು ಮುಟ್ಟಿಲ್ಲ, ಬೇಕಾದ್ರೆ ಬಾಯಿ ಮೂಸಿ ನೋಡು."

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. ಎತ್ತಿಕೊಂಡು ಮತ್ತೆ ಅಲ್ಲೇ ಇಟ್ಟ.

"ನಾನು ಹೇಳೋಕಾಗಲ್ಲ, ಮಗಾ. ನಿನ್ನ ವಿಷಯ ನನ್ನ ಕೈಲಿಲ್ಲ. ಕೇಳಬೇಕು."

"ಯಾರನ್ನ? ಅಮ್ಮನನ್ನಾ?"

"ದೇವರನ್ನ. ಅವರಾಗಿ ವಾಪಸ್ ಕೊಟ್ಟರೆ ತಗೋಬಹುದು. ನಾನಾಗಿ ತಗೊಂಡ್ರೆ ಕದ್ದ ಹಾಗೆ. ಮನಸ್ಸಿಗೆ ಸಮಾಧಾನ ಬರಬೇಕು. ಅದೇ ಗುರುತು."

ಬಟನ್ ನಗಲು ನೋಡಿದ, ಕೆಮ್ಮು ಬಂತು. "ಸರಿ, ಕೇಳು. ನಾನು ಹಿತ್ತಲಲ್ಲಿ ಕೂತಿರ್ತೀನಿ."

ಕೂರಲಿಲ್ಲ. ಹಗ್ಗದ ಮೇಲೆ ಒಣಗಿದ ಚಾದರಗಳಿದ್ದವು. ಅವನು ಒಂದನ್ನು ಇಳಿಸಿ ಎರಡು ತುದಿ ಹಿಡಿದು ಕೊಡವಿದ. ಮಗಳು ಹೋಗಿ ಇನ್ನೆರಡು ತುದಿ ಹಿಡಿದಳು. ಹಿಂದಕ್ಕೆ ಎಳೆದು, ಮಡಿಸಿ, ಮುಂದೆ ನಡೆದು, ತುದಿಗೆ ತುದಿ ಸೇರಿಸಿ. ಚಿಕ್ಕವರಿದ್ದಾಗ ಶಾಲೆ ಮುಗಿಸಿ ಬಂದು ಮಾಡುತ್ತಿದ್ದ ಕೆಲಸ. ಆಗ ತುದಿ ಸೇರಿದಾಗೆಲ್ಲ ಅವನು ಅವಳ ಮೂಗು ಹಿಂಡುತ್ತಿದ್ದ. ಈಗ ಅವನ ಕೈ ಅವಳ ಕೈಗೆ ತಗುಲಿದಾಗ ಸುಟ್ಟಂತಾಯಿತು.

"ನಿನಗೆ ಜ್ವರ ಇದೆ."

"ಇಸ್ತ್ರಿ ಮಾಡೋನ ಮಗ. ಕಾದಿರ್ತೀನಿ."

"ಕೋಟಿನ ವಿಷಯ ನಾನಿನ್ನೂ ಮರೆತಿಲ್ಲ."

"ಮರೀಬೇಡ," ಎಂದ ಬಟನ್. "ಒಬ್ಬರಾದ್ರೂ ನೆನಪಿಟ್ಕೊಂಡಿರಿ."

ಅಮ್ಮ ಗಂಜಿ ತಂದುಕೊಟ್ಟಳು. ಅವನು ಕುಡಿಯುವುದನ್ನು ನೋಡುತ್ತ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಅಪ್ಪ ಒಳಗಿನ ಕೋಣೆಯಲ್ಲಿ ಮಂಡಿಯೂರಿದ್ದ. ಅಜ್ಜಿ ಕೋಲೂರಿಕೊಂಡು ಹೋಗಿ ಆ ಕೋಣೆಯ ಬಾಗಿಲು ಬಡಿದಳು.

"ಏನಂದ್ರೋ ನಿನ್ನ ದೇವರು?"

"ಇನ್ನೂ ಏನೂ ಬಂದಿಲ್ಲ."

"ಬಂದು ಹಿತ್ತಲಲ್ಲಿ ಗಂಜಿ ಕುಡೀತಾ ಕೂತಿದೆಯಲ್ಲೋ! ಇನ್ನೆಂಥ ಉತ್ತರ ಬೇಕು ನಿನಗೆ?"

"ಅಮ್ಮ, ಅದು ನನ್ನ ಆಸೆ. ನನ್ನ ಆಸೆ ಯಾವುದು, ಅವರ ಮಾತು ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ." ಅವನು ಮಂಡಿಯ ಮೇಲಿಂದ ಏಳಲಿಲ್ಲ. "ಬೇಕು ಅಂತ ತುಂಬಾ ಅನ್ನಿಸ್ತಿದೆ. ಅದಕ್ಕೇ ಭಯ. ನಾಳೆ ಸಭೆ ಇದೆ. ಪಾಸ್ಟರ್‌ನ ಕೇಳಿ ಹೇಳ್ತೀನಿ. ಒಂದು ದಿನ ತಾನೇ."

ಹಿತ್ತಲಿಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದು ಕಿಟಕಿ. ಬಟನ್ ಎಲ್ಲವನ್ನೂ ಕೇಳಿಸಿಕೊಂಡ. ಗಂಜಿಯ ಬಟ್ಟಲು ತೊಳೆದು ಮಗುಚಿಟ್ಟ. ಮಡಿಸಿದ ಚಾದರಗಳನ್ನು ಅಂಚು ಸರಿಮಾಡಿ ಜೋಡಿಸಿದ.

"ಅಮ್ಮಾ, ನಾಳೆ ಬರ್ತೀನಿ."

"ಇರೋ," ಎಂದಳು ಅಮ್ಮ. ಎದ್ದಳು. ಕಿಟಕಿಯ ಕಡೆ ನೋಡಿದಳು. ಮತ್ತೆ ಕೂತಳು. "ಬೆಳಿಗ್ಗೇನೇ ಬಾ."

ಅಜ್ಜಿ ಹಿತ್ತಲಿನ ಗೇಟಿನವರೆಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಅವನ ಜೇಬಿಗೆ ಒಂದು ಮೊಟ್ಟೆ ತುರುಕಿದಳು. "ನುಂಗಬೇಡ, ಸುಲಿದು ತಿನ್ನು," ಎಂದಳು. ಅವನು ನಕ್ಕ.

ಅವನು ಮರುದಿನ ಬರಲಿಲ್ಲ. ಸಭೆಯಲ್ಲಿ ಪಾಸ್ಟರ್ ಇರಲಿಲ್ಲ, ಬೇರೆ ಊರಿಗೆ ಹೋಗಿದ್ದರು. ಅಪ್ಪ ಮುಂದಿನ ವಾರ ಕೇಳೋಣ ಎಂದ. ವಾರದ ಮಧ್ಯದಲ್ಲಿ ಒಬ್ಬ ಹಮಾಲಿ ಅಂಗಡಿಗೆ ಬಂದು, ಒಗೆಯಲು ಬಟ್ಟೆ ತಂದವನ ಹಾಗೆ ಕಟ್ಟೆಯ ಮುಂದೆ ನಿಂತ.

"ಬಟನ್ ಮನೆಯವರು ನೀವೇನಾ?" ಎಂದು ಮಗಳನ್ನು ಕೇಳಿದ. "ಎದೆ ಕಟ್ಟಿತ್ತು. ಆಸ್ಪತ್ರೆಗೆ ಹೋಗೋಣ ಅಂದ್ವಿ. ಮನೇಲಿ ಮಾತಾಡ್ಕೊಂಡು ಬಂದಿದ್ದೀನಿ, ಕರೆಯೋಕೆ ಬರ್ತಾರೆ, ಅವರ ಜೊತೆ ಹೋಗ್ತೀನಿ ಅಂದ. ಮೂಟೆಗಳ ಮೇಲೆ ಮಲಗಿದ್ದೋನು ಇವತ್ತು ಏಳಲಿಲ್ಲ."

ಮನೆಯಲ್ಲಿ ಉದ್ದದ ಮೇಜು ಅಂದರೆ ಇಸ್ತ್ರಿಯ ಮೇಜೇ. ಅವನನ್ನು ಅದರ ಮೇಲೆ ಮಲಗಿಸಿದರು. ಅಮ್ಮ ತೊಟ್ಟಿಯ ನೀರಿನಲ್ಲಿ ಬಟ್ಟೆ ಅದ್ದಿ ಅವನ ಮೈ ಒರೆಸಿದಳು. ಗೋದಾಮಿನ ಧೂಳು ಕತ್ತಿನ ಮಡಿಕೆಯಲ್ಲಿ ಕೂತಿತ್ತು. ಕಾಲರಿನ ಕೊಳೆ ತಿಕ್ಕುವಂತೆ ತಿಕ್ಕಿದಳು. "ಮೆಲ್ಲಗಮ್ಮಾ," ಎಂದಳು ಮಗಳು. ಅಮ್ಮನಿಗೆ ಕೇಳಿಸಲಿಲ್ಲ.

ಪಾಸ್ಟರ್ ಬಂದರು. ಕೈಯಲ್ಲಿ ಬಿಳಿ ಶರ್ಟು ಇತ್ತು, ಬೀರುವಿನಲ್ಲಿದ್ದು ಮಡಿಕೆಗಳ ಮೇಲೆ ಹಳದಿ ಗೆರೆ ಬಿದ್ದಿತ್ತು.

"ಇದನ್ನ ಹಾಕಿ ಕಳಿಸೋಣ ಅಂತ..." ಎಂದರು.

ಅಪ್ಪ ಶರ್ಟನ್ನು ಮುಟ್ಟಲಿಲ್ಲ. "ವಾಪಸ್ ಎತ್ತಿಕೊಳ್ಳಬೇಡಿ ಅಂದಿದ್ರಲ್ಲ."

"ಬ್ರದರ್, ನಾನು ಹೇಳಿದ್ದು ಚಿಂತೆಯನ್ನ. ಅವನ ಬಗ್ಗೆ ನಿಮಗಿದ್ದ ಚಿಂತೆ, ಕೋಪ, ಅದನ್ನ ಬಿಡಿ ಅಂತ. ಹುಡುಗನನ್ನ ಬಿಡಿ ಅಂತ ನಾನು ಯಾವತ್ತೂ ಹೇಳಿಲ್ಲ."

"ಅವನು ಮನೆ ಬಿಟ್ಟು ಹೋದ ಅಂತಾನೂ ನಾನು ಸಾಕ್ಷಿ ಹೇಳಿದೆ. ನೀವು ಚಪ್ಪಾಳೆ ತಟ್ಟಿದ್ರಿ."

ಪಾಸ್ಟರ್ ಏನೋ ಹೇಳಲು ಹೋದರು. ಅಜ್ಜಿ ತಡೆದಳು. "ಅಯ್ಯಾ, ನೀವು ಹೊರಗಿರಿ. ಬಾಗಿಲು ತೆರೆದೇ ಇರುತ್ತೆ. ನಾವಿನ್ನೂ ಹುಡುಗನಿಗೆ ಬಟ್ಟೆ ಹಾಕಿಲ್ಲ."

ಶರ್ಟಿಗೆ ಇಸ್ತ್ರಿ ಬೇಕಿತ್ತು. ಮೇಜಿನ ಮೇಲೆ ಜಾಗ ಇರಲಿಲ್ಲ. ಅಪ್ಪ ನೆಲದ ಮೇಲೆ ಚಾದರ ಹಾಸಿ, ಕೂತು, ಮೊದಲು ಕಾಲರು, ಆಮೇಲೆ ಹೆಗಲು, ತೋಳು, ಕೊನೆಗೆ ಮೈ, ಎಂದಿನ ಕ್ರಮದಲ್ಲಿ ತೀಡಿದ. ಹಳದಿ ಗೆರೆ ಹೋಗಲಿಲ್ಲ. ಹತ್ತೊಂಬತ್ತರ ಹುಡುಗನ ಶರ್ಟು ಇಪ್ಪತ್ತೊಂಬತ್ತರವನಿಗೆ ಎಲ್ಲ ಕಡೆ ದೊಡ್ಡದಾಯಿತು. ಕಾಲರಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗ ಇತ್ತು. ಅಜ್ಜಿ ಬೆನ್ನಿನ ಹತ್ತಿರ ಬಟ್ಟೆ ಹಿಡಿದು ಪಿನ್ನು ಹಾಕಿದಳು. ಎದೆಯ ಮೇಲೆ ಒಂದು ಗುಂಡಿ ಸಡಿಲವಾಗಿತ್ತು. ಕನ್ನಡಕ ಹಾಕಿಕೊಂಡು ಅದನ್ನೂ ಹೊಲಿದಳು.

ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಮೇಜಿನ ಪಕ್ಕ ನಿಂತ. ಆಮೇಲೆ ಮೆಲ್ಲಗೆ, ಯಾರೋ ಮಲಗಿದ್ದಾರೆ ಎಂಬಂತೆ, ಅಂದ:

"ಏಳೋ. ಹೊತ್ತು ನೆತ್ತಿ ಮೇಲೆ ಬಂತು."

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು.

"ಹೋಟೆಲಿನ ಚಾದರ ಯಾರು ತರ್ತಾರೆ? ಯಾರು ತರ್ತಾರೋ? ಸೋಮಾರಿ. ದರಿದ್ರದವನೇ. ಎದ್ದೇಳು."

"ಬೈ," ಎಂದಳು ಅಜ್ಜಿ, ದಾರ ಕಚ್ಚಿ ತುಂಡರಿಸುತ್ತ. "ಬೈ. ಈಗ ಬೈ."

ಅವನು ಬೈದ. ತನಗೆ ಗೊತ್ತಿದ್ದ ಎಲ್ಲ ಬೈಗುಳವನ್ನೂ ಬೈದ. ಹೊರಗೆ ನಿಂತಿದ್ದ ಜನ, ದುಃಖದಲ್ಲಿ ಮನುಷ್ಯನಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡರು. ಪಾಸ್ಟರ್ ಒಳಗೆ ಹೆಜ್ಜೆ ಇಟ್ಟು, ಮತ್ತೆ ಹಿಂದೆ ಸರಿದರು.

ಅಪ್ಪ ಈಗಲೂ ಸಭೆಗೆ ಹೋಗುತ್ತಾನೆ. ಹಿಂದಿನ ಸಾಲಿನಲ್ಲಿ ಕೂರುತ್ತಾನೆ, ತೂಕಡಿಸುವುದಿಲ್ಲ. ಮುಂದೆ ಯಾರಾದರೂ ಮೇಜಿನ ಮೇಲೆ ಏನಾದರೂ ಇಡಲು ಎದ್ದರೆ ಅವನ ಎರಡೂ ಕೈ ಮುಷ್ಟಿ ಕಟ್ಟುತ್ತವೆ. ಅಮ್ಮ ಪಕ್ಕದ ಸಾಲಿನಲ್ಲಿ ಬಾಯಿ ಮುಚ್ಚಿ ಕೂರುತ್ತಾಳೆ. ಅಜ್ಜಿ ಬರುವುದಿಲ್ಲ. ಮಗಳು ಗಿರಾಕಿಗಳ ಹತ್ತಿರ ಮೊದಲಿನ ಹಾಗೇ ಮಾತಾಡುತ್ತಾಳೆ. ಚಾದರ ಮಡಿಸುವಾಗ ಮಾತ್ರ ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತಾಳೆ.

ಆ ವರ್ಷ ಆ ಮನೆಯಿಂದ ಹೋದದ್ದು: ಒಬ್ಬ ಮಗ. ಗಿರಾಕಿಯ ಕೋಟು ಒಂದು. ಬಿಳಿ ಶರ್ಟು ಒಂದು. ಅಮ್ಮನ ಆಮೆನ್. ಬೆಳಗಿನ ಬೈಗುಳ. ದಿನಕ್ಕೆ ಎರಡು ಮೊಟ್ಟೆ.